ಆನಂದಪುರಕ್ಕೆ ಐದು ದಿನ

ಗೋಕಾಕದಲ್ಲಿ ನಾನಿದ್ದದ್ದು ಎರಡು ವರ್ಷ ಒಂದು ತಿಂಗಳು: 1963ರ ಜೂನ್‌ನಿಂದ 1965ರ ಜುಲೈವರೆಗೆ. ಬಿ.ಎಸ್ಸಿ. ಮುಗಿಸಿದ ವರ್ಷವೇ ಅಲ್ಲಿಯ ಕಾಲೇಜಿನ ರಸಾಯನಶಾಸ್ತ್ರ ಪ್ರಯೋಗಾಲಯಕ್ಕೆ ಸೇರಿದ್ದೆ. ಈಗ ಹುಕ್ಕೇರಿಯ ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುತ್ತೇನೆ. ಆ ದಿನಗಳನ್ನು ನೆನೆದಾಗ ನನ್ನ ಬ್ಯುರೆಟ್ಟುಗಳಾಗಲಿ ಆಮ್ಲದ ಶೀಷೆಗಳಾಗಲಿ ಕಣ್ಣಮುಂದೆ ಬರುವುದಿಲ್ಲ. ನನಗೆ ಸಂಬಂಧವೇ ಇರದಿದ್ದ ಬಿ.ಎ. ಎರಡನೆಯ ವರ್ಷದ ಇತಿಹಾಸದ ತರಗತಿ ಬರುತ್ತದೆ.

ಅದಕ್ಕೆ ಕಾರಣ ನನ್ನ ಕೋಣೆಯ ಜೊತೆಗಾರ ಮುರಿಗೆಪ್ಪನವರು. ಬೆಲ್ಲದ ಬಾಗೇವಾಡಿಯವರು, ಬೆಲ್ಲದ ವ್ಯಾಪಾರದ ಮನೆತನ. ಅಂಗಡಿಯನ್ನು ತಮ್ಮನಿಗೆ ಬಿಟ್ಟು ಧಾರವಾಡದಲ್ಲಿ ಎಂ.ಎ. ಮಾಡಿ ಇತಿಹಾಸದ ಅಧ್ಯಾಪಕರಾದವರು. ನನಗಿಂತ ಹತ್ತು ವರ್ಷ ದೊಡ್ಡವರು. ನಮ್ಮ ಕೋಣೆ ಕರದಂಟು ಮಾಡುವವರ ಮನೆಯ ಮೇಲಿತ್ತು. ಬೆಳಿಗ್ಗೆ ಐದಕ್ಕೆ ಕೆಳಗೆ ತುಪ್ಪದಲ್ಲಿ ಅಂಟು ಕರಿಯುವ ವಾಸನೆ ಏಳುತ್ತಿತ್ತು. ಗಾಳಿ ಪಶ್ಚಿಮದಿಂದ ಬೀಸಿದ ದಿನ ದೂರದ ಮಿಲ್ಲಿನ ಭೋಂಗಾ ಕೇಳಿಸುತ್ತಿತ್ತು. ಈ ಎರಡರ ನಡುವೆ ಮುರಿಗೆಪ್ಪನವರು ಆ ದಿನದ ಪಾಠವನ್ನು ನನ್ನ ಮುಂದೆ ಒಮ್ಮೆ ಹೇಳಿ ನೋಡುತ್ತಿದ್ದರು.

1964ರ ಅಕ್ಟೋಬರಿನಲ್ಲಿ ಅವರು ಸಿಖ್ಖರ ಇತಿಹಾಸಕ್ಕೆ ಬಂದರು. ಪಠ್ಯಕ್ರಮದ ಪ್ರಕಾರ ಅದಕ್ಕೆ ಎರಡು ತಾಸು ಸಾಕಿತ್ತು. ಅವರು ಎಂಟು ತಾಸು ತೆಗೆದುಕೊಂಡರು; ಹೆಚ್ಚಿನ ಆರು ತಾಸುಗಳನ್ನು ವಾರಕ್ಕೊಂದರಂತೆ ಗುರುವಾರ ಬೆಳಿಗ್ಗೆ ಎಂಟಕ್ಕೆ, ಪ್ರಿನ್ಸಿಪಾಲರು ಬರುವ ಮೊದಲೇ ಮುಗಿಸುತ್ತಿದ್ದರು. ಇಷ್ಟೇಕೆ ಎಂದು ಕೇಳಿದೆ.

“ನಮ್ಮ ಆಯಿ ಹರಳಯ್ಯ, ಮಧುವಯ್ಯನ ಕತಿ ಹೇಳಿ ಅಳತಿದ್ಳೋ ಹನಮಂತಾ,” ಎಂದು ಅಜ್ಜಿಯನ್ನು ನೆನೆದರು. “ಕಲ್ಯಾಣದಾಗ ಅವರನ್ನ ಆನಿ ಕಾಲಿಗೆ ಕಟ್ಟಿ ಎಳಿಸಿದ್ರು ಅಂತ. ಯಾವ ವರ್ಷ, ಯಾವ ದಿನಾ, ಬಾಜೂದಾಗ ಯಾರ್ ನಿಂತಿದ್ರು, ಏನ್ ಕೇಳಿದ್ರೂ ಆಕಿಗೆ ಗೊತ್ತಿಲ್ಲ. ನನಗೂ ಗೊತ್ತಿಲ್ಲ. ಪಂಜಾಬದ ಮಂದಿ ನೋಡು, ದಿನಾ, ಜಾಗಾ, ಹೆಸರು, ಎಲ್ಲಾ ಕಾದಿಟ್ಟಾರ. ಕಾದಿಡೂದು ಹೆಂಗ ಅಂತ ನಮ್ಮ ಹುಡುಗ್ರಿಗೆ ಕಲಿಸಬ್ಯಾಡೇನು?”

ಅವರ ಕಲಿಸುವ ಕ್ರಮ ನನಗೆ ಮೆಚ್ಚುಗೆಯಾಗಿತ್ತು. ಹಲಗೆಯ ಮೇಲೆ ಮೂರು ಅಂಕಣ ಹಾಕುತ್ತಿದ್ದರು: ದಿನ, ಸ್ಥಳ, ಆಧಾರ. ಗುರು ಅರ್ಜುನರು, 1606, ಲಾಹೋರು. ಗುರು ತೇಗ್ ಬಹಾದ್ದೂರರು, 1675ರ ನವೆಂಬರ್ 11, ದಿಲ್ಲಿಯ ಚಾಂದನಿ ಚೌಕ. ಅವರಿಗಿಂತ ಮೊದಲು ಅಲ್ಲಿಯೇ ಪ್ರಾಣ ಕೊಟ್ಟ ಮೂವರು ಸಂಗಡಿಗರು: ಮತಿ ದಾಸ, ದಯಾಲ ದಾಸ, ಸತಿ ದಾಸ. ಮೂರನೆಯ ಅಂಕಣದಲ್ಲಿ, ಅದು ಅಂದಿನವರ ಬರಹವೋ ನಂತರದವರು ಹೇಳಿಕೊಂಡು ಬಂದದ್ದೋ ಎಂದು ಬರೆಯದೆ ಮುಂದೆ ಹೋಗುತ್ತಿರಲಿಲ್ಲ. ಹಿಂದಿನ ಬೆಂಚಿನಲ್ಲಿ ಯಾರಾದರೂ ಕಣ್ಣೊರೆಸಿಕೊಂಡರೆ, “ಮೊದಲ ತಾರೀಖು, ಆಮ್ಯಾಲ ಕಣ್ಣೀರು. ತಾರೀಖಿಲ್ಲದ ಕಣ್ಣೀರು ಬಯಲಾಟಕ್ಕ ಸಾಕು,” ಎನ್ನುತ್ತಿದ್ದರು. ಗುರುವಾರ ಬೆಳಿಗ್ಗೆ ನನಗೆ ಪ್ರಯೋಗಾಲಯದ ಕೆಲಸವಿರುತ್ತಿರಲಿಲ್ಲ. ನಕಾಶೆ ಬರೆದುಕೊಡುವ ನೆಪದಲ್ಲಿ ನಾನೂ ಹೋಗಿ ಕೂಡುತ್ತಿದ್ದೆ.

ಆ ತರಗತಿಯಲ್ಲಿ ಯಲ್ಲಾರಿ ಎಂಬ ಹುಡುಗನಿದ್ದ. ಮೂಡಲಗಿಯ ಆಚೆಯ ಒಂದು ಹಳ್ಳಿಯ ಹರಿಜನ ಕೇರಿಯವನು. ಆ ಕೇರಿಯಿಂದ ಕಾಲೇಜಿಗೆ ಬಂದ ಮೊದಲಿಗ. ಅವನ ತಂದೆ ಗುಡ್ಡಪ್ಪ ಊರಿನ ಸಾವಿನ ಸುದ್ದಿ ಒಯ್ಯುವವನು. ಊರಲ್ಲಿ ಯಾರು ತೀರಿಕೊಂಡರೂ ಪರವೂರಿನ ಬೀಗರಿಗೆ, ಹೆಣ್ಣುಮಕ್ಕಳಿಗೆ ನಡೆದು ಹೋಗಿ ತಿಳಿಸುವುದು ಆ ಮನೆತನಕ್ಕೆ ತಲೆತಲಾಂತರದಿಂದ ಬಂದ ಕೆಲಸ. ಅದಕ್ಕೆಂದು ಒಂದು ತುಂಡು ಹೊಲ. ಇಂಥ ವತನಗಳನ್ನು ತೆಗೆದುಹಾಕುವ ಕಾಯಿದೆ ಜಾರಿಗೆ ಬಂದು ಎರಡು ವರ್ಷ ಸಮೀಪಿಸಿತ್ತು. ಕಾಗದದಲ್ಲಿ ಕೆಲಸ ಹೋಗಿತ್ತು, ಊರಲ್ಲಿ ಹೋಗಿರಲಿಲ್ಲ. ಆ ವರ್ಷ ಗುಡ್ಡಪ್ಪನ ಮೊಣಕಾಲು ಕೆಟ್ಟಿತು. ಕಾರ್ತಿಕ ಮುಗಿಯುವ ಛಟ್ಟಿ ಅಮಾವಾಸ್ಯೆಯ ಹೊತ್ತಿಗೆ ಮಗ ಬಂದು ಕೆಲಸ ಹಿಡಿಯಬೇಕು, ಇಲ್ಲದಿದ್ದರೆ ಹೊಲ ಬೇರೆಯವರ ಪಾಲಾಗುತ್ತದೆ ಎಂದು ಗೌಡರು ಹೇಳಿ ಕಳಿಸಿದ್ದರು. ಅಪ್ಪ ಬಂದ ದಿನ ತಾನು ಕಾಲೇಜು ಬಿಟ್ಟು ಹೋಗಬೇಕೆಂದು ಯಲ್ಲಾರಿ ಮುರಿಗೆಪ್ಪನವರಿಗೆ ಮೊದಲೇ ತಿಳಿಸಿದ್ದ.

“ಮೂರ ತಿಂಗಳು ತಡದ್ರ ಪರೀಕ್ಷಾ ಮುಗೀತತಿ,” ಎಂದು ಇವರು ಹೇಳಿದ್ದರು.

“ಸಾಯೂ ಮಂದಿ ತಡಿಯಾಂಗಿಲ್ರಿ ಸರ್,” ಎಂದಿದ್ದ ಅವನು.

ಅದೇ ಊರಿನ ಗೌಡರ ಮಗ ಯಲ್ಲಪ್ಪನೂ ಅದೇ ತರಗತಿಯಲ್ಲಿದ್ದ. ಮಾತುಗಾರ, ಕೆಟ್ಟವನಲ್ಲ, ನಗಿಸುವುದರಲ್ಲಿ ಮುಂದು.

ಐದನೆಯ ತಾಸಿನಲ್ಲಿ, ನವೆಂಬರ್ ಹನ್ನೆರಡರಂದು, ಮುರಿಗೆಪ್ಪನವರು ಪಠ್ಯಪುಸ್ತಕದ ಒಂದು ಸಾಲು ಓದಿದರು: ಶಿಷ್ಯನೊಬ್ಬನು ಗುರುವಿನ ಶಿರಸ್ಸನ್ನು ಆನಂದಪುರಕ್ಕೆ ಒಯ್ದು ಅವರ ಮಗನಿಗೆ ಒಪ್ಪಿಸಿದನು. ಓದಿ ಪುಟ ತಿರುಗಿಸುವಷ್ಟರಲ್ಲಿ ಯಲ್ಲಾರಿ ಎದ್ದು ನಿಂತ. ಅವನು ತರಗತಿಯಲ್ಲಿ ಬಾಯಿ ತೆರೆದದ್ದನ್ನು ನಾನು ಅಲ್ಲಿಯವರೆಗೆ ನೋಡಿರಲಿಲ್ಲ.

“ಒಯ್ದಾಂವ ಯಾರ್ರಿ ಸರ್? ಎಷ್ಟ ದಿನಾ ನಡದ?”

ಮುರಿಗೆಪ್ಪನವರು ಪುಸ್ತಕ ನೋಡಿದರು, ಪುಸ್ತಕದಲ್ಲಿ ಇರಲಿಲ್ಲ. ಅಷ್ಟರಲ್ಲಿ ಯಲ್ಲಪ್ಪ, “ಮನೀ ಕಸಬ್ರಿ ಸರ್, ಅದಕ್ಕ ಕೇಳಾಕತ್ಯಾನ. ಪಗಾರ ಎಷ್ಟ ಕೊಟ್ರು ಅಂತನೂ ಕೇಳ್ತಾನ ನೋಡ್ರಿ,” ಎಂದ. ತರಗತಿ ನಕ್ಕಿತು. ಯಲ್ಲಾರಿ ಕುಳಿತ.

ಮುರಿಗೆಪ್ಪನವರು ನಗು ಮುಗಿಯುವವರೆಗೆ ಕಾದು, ಹಲಗೆಯ ಮೇಲೆ ‘ಒಯ್ದವರು’ ಎಂದು ಬರೆದು ಮುಂದೆ ಮೂರೂ ಅಂಕಣ ಖಾಲಿ ಬಿಟ್ಟರು. “ಈ ಪ್ರಶ್ನಾ ನಾನ ಕೇಳ್ಕೋಬೇಕಾಗಿತ್ತು. ಆರ ವರ್ಷದಿಂದ ಈ ಸಾಲ ಓದಾಕತ್ತೇನಿ,” ಎಂದು ತರಗತಿ ಬಿಟ್ಟರು. ಅದೇ ಸಂಜೆ ಅಮೃತಸರದ ಕಾಲೇಜೊಂದರ ಇತಿಹಾಸ ವಿಭಾಗಕ್ಕೆ ಪತ್ರ ಬರೆದರು. ಪರಿಚಯವಿಲ್ಲದವರಿಗೆ ಬರೆದ ಪತ್ರಕ್ಕೆ ಉತ್ತರ ಬರುವ ಭರವಸೆ ನನಗಿರಲಿಲ್ಲ. ಹತ್ತೊಂಬತ್ತು ದಿನಗಳ ಮೇಲೆ ಎರಡು ಹಾಳೆಯ ಉತ್ತರ ಬಂತು.

ಅದರಲ್ಲಿದ್ದ ಮುಖ್ಯ ಸಂಗತಿ ಇಷ್ಟು. ಒಯ್ದವನ ಹೆಸರು ಭಾಯಿ ಜೈತಾ. ಕಸಗುಡಿಸುವ ಕುಲದವನು, ಆ ಕಡೆ ಅವರನ್ನು ರಂಗರೇಟಾ ಎನ್ನುತ್ತಿದ್ದರು. ಪಹರೆಯ ಕಣ್ಣು ತಪ್ಪಿಸಿ ಶಿರಸ್ಸನ್ನು ಬಟ್ಟೆಯಲ್ಲಿ ಸುತ್ತಿಕೊಂಡು ಹೊರಟ. ಐದು ದಿನಕ್ಕೆ ಮುಟ್ಟಿದ. ಗುರುವಿನ ಮಗನಿಗೆ ಆಗ ಒಂಬತ್ತು ವರ್ಷ. ಜೈತಾನನ್ನು ಅಪ್ಪಿಕೊಂಡು ‘ರಂಗರೇಟರು ಗುರುವಿನ ಮಕ್ಕಳು’ ಎಂದನಂತೆ. ಇವೆಲ್ಲ ನಂತರದವರು ಹೇಳಿಕೊಂಡು ಬಂದ ಸಂಗತಿಗಳು, ಅಂದಿನ ಬರಹದಲ್ಲಿ ವಿವರ ಕಡಿಮೆ ಎಂದೂ ಆ ಅಧ್ಯಾಪಕರು ಪ್ರಾಮಾಣಿಕವಾಗಿ ಸೂಚಿಸಿದ್ದರು.

ಎರಡು ಸಂಜೆ ಕುಳಿತು ನಾನು ನಕಾಶೆ ಬರೆದೆ. ದಿಲ್ಲಿಯಿಂದ ಆನಂದಪುರಕ್ಕೆ ಸುಮಾರು ನೂರಾ ತೊಂಬತ್ತು ಮೈಲು. ಐದರಿಂದ ಭಾಗಿಸಿದರೆ ದಿನಕ್ಕೆ ಮೂವತ್ತೆಂಟು. “ಇದು ಆಗುವ ಮಾತಲ್ಲ. ಹೆಗಲ ಮೇಲೆ ಭಾರ, ಹಿಂದೆ ಪಹರೆ. ದಿನಕ್ಕೆ ಇಪ್ಪತ್ತು ಮೈಲು ಹೆಚ್ಚೆಂದರೆ. ಈ ಐದು ದಿನ ಭಕ್ತರ ಲೆಕ್ಕವಿರಬೇಕು,” ಎಂದೆ. ಮುರಿಗೆಪ್ಪನವರು ಒಪ್ಪಲೂ ಇಲ್ಲ, ಅಲ್ಲಗಳೆಯಲೂ ಇಲ್ಲ. ನಕಾಶೆಯ ಮೂಲೆಯಲ್ಲಿ ಪೆನ್ಸಿಲಿನಿಂದ ಒಂದು ಪ್ರಶ್ನಾರ್ಥಕ ಚಿಹ್ನೆ ಹಾಕಿದರು.

ಎಂಟನೆಯ ತಾಸು ಡಿಸೆಂಬರ್ ಮೂರರ ಗುರುವಾರ ಬಂತು. ಮರುದಿನ ಛಟ್ಟಿ ಅಮಾವಾಸ್ಯೆ. ಯಲ್ಲಾರಿ ತನ್ನ ಟ್ರಂಕು ಕಟ್ಟಿಟ್ಟು ತರಗತಿಗೆ ಬಂದಿದ್ದ. ಮುರಿಗೆಪ್ಪನವರು ಹೆಸರು, ಕುಲ, ದಾರಿ ಎಲ್ಲವನ್ನೂ ಹೇಳಿ, ‘ಆಧಾರ’ದ ಅಂಕಣದಲ್ಲಿ ‘ಸಂಪ್ರದಾಯ’ ಎಂದು ಬರೆಯುತ್ತಿದ್ದರು. ಆಗ ಬಾಗಿಲ ಪಕ್ಕದ ಬೆಂಚಿನಲ್ಲಿದ್ದ ಯಲ್ಲಪ್ಪ ಒಮ್ಮೆಲೇ ಎದ್ದ. ಅವನ ಮುಖ ಸುಣ್ಣದಂತಾಗಿತ್ತು.

ಹೊರಗೆ ಬೇವಿನ ಮರದಡಿ ಗುಡ್ಡಪ್ಪ ನಿಂತಿದ್ದ. ಬರಿದಲೆ.

ಆ ಸೀಮೆಯವರಲ್ಲದ ನನಗೆ ಅದರಲ್ಲಿ ವಿಶೇಷ ಕಾಣಲಿಲ್ಲ. ಮೂಡಲಗಿ ಕಡೆಯ ನಾಲ್ಕೈದು ಹುಡುಗರೂ ಎದ್ದು ನಿಂತಾಗ ತಿಳಿಯಿತು. ಸುದ್ದಿ ಒಯ್ಯುವವನು ಬಾಯಿಂದ ಹೇಳುವುದಿಲ್ಲ. ರುಮಾಲು ತೆಗೆದು ಬರಿದಲೆಯಲ್ಲಿ ಅಂಗಳದಲ್ಲಿ ನಿಲ್ಲುತ್ತಾನೆ, ನೋಡಿದವರಿಗೆ ಅರ್ಥವಾಗುತ್ತದೆ. ಯಲ್ಲಪ್ಪ ಬೆಂಚು ದಾಟಿ ಹೊರಗೋಡಿದ.

“ಯಾರೋ ಗುಡ್ಡಪ್ಪಾ? ಅಪ್ಪನ? ಅವ್ವನ? ಆಯೀನ? ಹೇಳೋ!”

ಗುಡ್ಡಪ್ಪ ಗಾಬರಿಯಾಗಿ ಎರಡು ಹೆಜ್ಜೆ ಹಿಂದೆ ಸರಿದ. “ಯಾರೂ ಇಲ್ರಿ ಸಣ್ಣ ಗೌಡ್ರ! ಎಲ್ಲಾರೂ ಆರಾಮ ಅದಾರ್ರಿ. ಆಯಾರು ಮುಂಜಾನಿ ರೊಟ್ಟಿ ಸುಟ್ಟಿಲ್ಲಂತ ಸೊಸಿ ಕೂಡ ಜಗಳ ತಗದಿದ್ರು.”

“ಮತ್ತ ರುಮಾಲ?”

“ಮಣಕಾಲಿಗೆ ಕಟ್ಟೇನ್ರಿ. ಬಾವು ಬಂದೈತಿ.” ಧೋತರ ಸರಿಸಿ ತೋರಿಸಿದ. ರುಮಾಲು ಮೊಣಕಾಲಿಗೆ ಬಿಗಿದಿತ್ತು. “ನಾ ನನ್ನ ಮಗನ್ನ ಕರ್ಕೊಂಡ ಹೋಗಾಕ ಬಂದೇನ್ರಿ.”

ಯಲ್ಲಪ್ಪ ಅಲ್ಲೇ ಮರದ ಬೇರಿನ ಮೇಲೆ ಕುಸಿದು ಕುಳಿತ. ಯಾರೂ ಸತ್ತಿರಲಿಲ್ಲ; ಆದರೂ ಅವನ ಅಳು ತಡೆಯಲಿಲ್ಲ. ಯಾರೂ ನಗಲಿಲ್ಲ.

ಮುರಿಗೆಪ್ಪನವರು ಒಳಗೆ ಬರಲು ಗುಡ್ಡಪ್ಪನನ್ನು ಕರೆದರು. “ಬ್ಯಾಡ್ರಿ ಮಾಸ್ತರ್ರ, ನಾ ಹೊಸ್ತಲ ದಾಟಿದ್ರ ಮಂದಿಗೆ ಸಮಾಧಾನ ಇರಾಂಗಿಲ್ಲ. ಓಣಿಗೆ ಹೊಕ್ಕರನ ಹುಡುಗ್ರ ಕಣ್ಣ ಮುಚ್ಚತಾರ್ರಿ ಅವ್ರವ್ವಗಳು,” ಎಂದು ಅವನು ನಿಂತಲ್ಲೇ ನಿಂತ. ಆಗ ಯಲ್ಲಾರಿ ಒಳಗೆ ಹೋಗಿ ನನ್ನ ನಕಾಶೆಯನ್ನು ಗೋಡೆಯಿಂದ ಬಿಚ್ಚಿ ತಂದ. ತರಗತಿಯೆಲ್ಲ ಅವನ ಹಿಂದೆ ಹೊರಗೆ ಬಂತು. ನೆಲದ ಮೇಲೆ ನಕಾಶೆ ಹರಡಿ, ಅಪ್ಪನಿಗೆ ಅವನೇ ಹೇಳಿದ: ದಿಲ್ಲಿ ಇಲ್ಲಿ, ಆನಂದಪುರ ಇಲ್ಲಿ; ನಮ್ಮಂಥ ಕುಲದವನೊಬ್ಬ, ತನ್ನ ಗುರುವಿನ ತಲೆ ಹೊತ್ತು, ಐದು ದಿನ. “ದಿನಕ್ಕ ಮೂವತ್ತೆಂಟ ಮೈಲು. ಆಗಾಂಗಿಲ್ಲ ಅಂತಾರ ಯಪ್ಪಾ ಈ ಸರ್.”

ಗುಡ್ಡಪ್ಪ ನನ್ನನ್ನು ನೋಡಿದ. “ಹರದಾರಿಗಟ್ಟಲೆ ಎಷ್ಟಾತ್ರಿ?”

ಒಂದು ಹರದಾರಿ ನಮ್ಮಲ್ಲಿ ಸುಮಾರು ಮೂರು ಮೈಲು. “ಹದಿಮೂರಕ್ಕೆ ಸ್ವಲ್ಪ ಕಡಿಮೆ,” ಎಂದೆ.

“ನಮ್ಮೂರಿಂದ ಹುಕ್ಕೇರಿ ಹದಿಮೂರ ಹರದಾರಿರಿ. ಗೌಡ್ರ ತಂಗೀ ಮನೀಗೆ. ಕೋಳಿ ಕೂಗಿದಾಗ ಬಿಟ್ರ ದೀಪಾ ಹಚ್ಚೂ ಹೊತ್ತಿಗೆ ಮುಟ್ಟಿರತೇನಿ. ನಾಕ ಸಲ ಹೋಗೇನಿ. ಒಂದ ಸಲ ಅಲ್ಲಿಂದ ಮರುದಿನಾ ದಡ್ಡಿ ಊರಿಗೂ ಹೋಗೇನಿ.” ಅವನು ಬಡಾಯಿಯ ದನಿಯಲ್ಲಿ ಹೇಳಲಿಲ್ಲ, ಬಾವಿಯ ಆಳ ಹೇಳುವಂತೆ ಹೇಳಿದ. “ಸುದ್ದಿ ಒಯ್ಯಾಂವ ಕುಂಡ್ರಬಾರದ್ರಿ. ಕುಂತ್ರ ಕಾಲ ಹಿಡೀತಾವು. ಮುಟ್ಟೂಮಟಾ ಊಟ ಇಲ್ಲ, ನೀರಷ್ಟ. ಹಂಗಿದ್ರ ಆಗ್ತತಿ.” ಆಮೇಲೆ ಬಗ್ಗಿ ನಾನೆಳೆದ ಗೆರೆಯ ಮೇಲೆ ಬೆರಳಿಟ್ಟ. “ಖರೆ, ಇದ ತಪ್ಪೈತ್ರಿ.”

“ಏನು ತಪ್ಪು?”

“ಗೆರಿ ನೆಟ್ಟಗೈತಿ. ಅಂವ ಹಿಂಗ ಹೋಗಿರಾಂಗಿಲ್ಲ. ಊರ ಬಂದಲ್ಲಿ ಬಾಜೂಕ ಸರದ, ಹೊಲದಾಗ ಹಾದ, ಹೊಳಿ ದಂಡಿ ಹಿಡದ ಹೋಗಿರತಾನ. ಕಣ್ಣಿಗೆ ಬೀಳಬಾರದಲ್ರಿ? ಹದಿಮೂರಲ್ಲ, ದಿನಕ್ಕ ಹದಿನೈದ ಹರದಾರಿ ನಡದಾನ ಆ ಪುಣ್ಯಾತ್ಮ. ಕಾಗದದಾಗ ನಡಿಯೂದು ಹಗೂರ್ರಿ ಮಾಸ್ತರ್ರ.”

ಹುಡುಗರು ನಕ್ಕರು, ನಾನೂ ನಕ್ಕೆ. ನನ್ನ ಭಾಗಾಕಾರದಲ್ಲಿ ದೋಷವಿರಲಿಲ್ಲ. ದಾರಿಯನ್ನೇ ತಪ್ಪಾಗಿ ಎಳೆದಿದ್ದೆ. ಮುರಿಗೆಪ್ಪನವರು ನಕಾಶೆಯ ಮೂಲೆಯ ಪ್ರಶ್ನಾರ್ಥಕ ಚಿಹ್ನೆಯನ್ನು ಅಳಿಸಲಿಲ್ಲ. ಅದರ ಕೆಳಗೆ ‘ನಡೆದವರ ಸಾಕ್ಷಿ: ಸಾಧ್ಯ’ ಎಂದು ಬರೆದರು.

“ಭಾರ?” ಎಂದು ಯಾರೋ ಕೇಳಿದರು.

“ನಾ ಒಯ್ಯೂದು ಬರೇ ಮಾತು. ಅದಕ್ಕ ತೂಕಿಲ್ಲ ಅಂತೀರಿ. ಮನಿ ಕಣ್ಣಿಗೆ ಬಿತ್ತಂದ್ರ ತೂಕ ಆಗ್ತತ್ರಿ ಅದು. ಒಳಗ ಹುಡುಗಿ ನಕ್ಕೋತ ಕುಂತಿರತಾಳ. ನನ್ನ ನೋಡತಾಳ...” ಗುಡ್ಡಪ್ಪ ಮಾತು ಅಲ್ಲಿಗೇ ಬಿಟ್ಟು ಮುರಿಗೆಪ್ಪನವರ ಕಡೆ ತಿರುಗಿದ. “ಮಾಸ್ತರ್ರ, ತಲಿ ಮುಟ್ಟಿಸಿದ ಮ್ಯಾಲ ಆ ಮನಷಾ ಏನ್ ಮಾಡಿದ್ರಿ? ಮತ್ತ ಯಾರದರ ಸುದ್ದಿ ಹೊತ್ತ ಹೋದನೇನು?”

“ಇಲ್ಲ. ಗುರುವಿನ ಮಗ ಅವನನ್ನ ಅಪ್ಪಿಕೊಂಡ, ನನ್ನವ ಅಂದ. ಮುಂದ ಅವ ಸಿಪಾಯಿ ಆದ. ಹೆಸರೂ ಹೊಸದು, ಜೀವನ ಸಿಂಹ ಅಂತ. ಮೂವತ್ತ ವರ್ಷದ ಮ್ಯಾಲ ರಣರಂಗದಾಗ ಸತ್ತ ಅಂತಾರ.”

“ಅಂದ್ರ ಒಂದ ಸಲ ಹೊತ್ತದ್ದಕ್ಕ ಮುಗೀತು.”

“ಮುಗೀತು.”

ಗುಡ್ಡಪ್ಪ ಎಷ್ಟೋ ಹೊತ್ತು ನಕಾಶೆ ನೋಡುತ್ತ ನಿಂತ. ಗಂಟೆ ಬಾರಿಸಿತು, ಯಾರೂ ಕದಲಲಿಲ್ಲ.

“ನಮ್ಮಪ್ಪ ಹೊತ್ತ, ಅವರಪ್ಪ ಹೊತ್ತ, ನಾ ಹೊತ್ತೆ,” ಎಂದ ಕೊನೆಗೆ. “ಎಷ್ಟ ಸಲ ಅಂತ ಲೆಕ್ಕಿಲ್ಲ. ಯಾರೂ ನನ್ನವ ಅನ್ನಲಿಲ್ಲ. ಅನ್ನಾಕ ಅವರಿಗೂ ತಿಳೀಲಿಲ್ಲ ಬಿಡ್ರಿ, ಅಳೂ ಹೊತ್ತದು.” ಮಗನತ್ತ ನೋಡಿದ. “ಟ್ರಂಕ ಎಲ್ಲೈತಿ?”

“ಕಟ್ಟೇನಿ ಯಪ್ಪಾ. ಕ್ವಾಣ್ಯಾಗೈತಿ.”

“ಬಿಚ್ಚ ಅದನ್ನ.”

“ಹೊಲಾ?”

“ಹೊಲಾ ಹೋದ್ರ ನಿಮ್ಮವ್ವ ಬೈತಾಳ. ಬೈಸ್ಕೊಳ್ಳಾಂವ ನಾನ, ನಿನಗೇನ?” ಎಂದು ಯಲ್ಲಪ್ಪನ ಕಡೆ ತಿರುಗಿ, “ಸಣ್ಣ ಗೌಡ್ರ, ನಿಮ್ಮಪ್ಪಾರಿಗೆ ನಾನ ಹೇಳತೇನ್ರಿ. ನೀವೇನ ನಡುವ ಬರಬ್ಯಾಡ್ರಿ,” ಎಂದ. ಯಲ್ಲಪ್ಪ ತಲೆ ಎತ್ತಲಿಲ್ಲ. ಗುಡ್ಡಪ್ಪ ಬಸ್ ನಿಲ್ದಾಣದ ಕಡೆ ಕುಂಟುತ್ತ ಹೋದ. ಮುರಿಗೆಪ್ಪನವರು ಬಸ್ಸು ಹತ್ತಿಸಿ ಬಂದರು.

ಹೊಲ ಹೋಯಿತು. ಯಲ್ಲಾರಿ ಉಳಿದ. ಬಿ.ಎ. ಮುಗಿಸಿ ಧಾರವಾಡಕ್ಕೆ ಹೋದ, ಎಂ.ಎ.ಗೆ ಅವನು ಬರೆದ ಪ್ರಬಂಧ ಹುತಾತ್ಮರ ಕುರಿತದ್ದಲ್ಲ, ಹುತಾತ್ಮರ ಸುದ್ದಿಯನ್ನು ಮುಟ್ಟಿಸಿದವರ ಕುರಿತದ್ದು. ಅದರಲ್ಲಿ ನನ್ನ ನಕಾಶೆ ಇದೆ, ದಾರಿ ತಿದ್ದಿದ್ದು. ಮುರಿಗೆಪ್ಪನವರು ಈಗಲೂ ಗೋಕಾಕದಲ್ಲಿಯೇ ಇದ್ದಾರೆ. ಸಿಖ್ಖರ ಪಾಠ ಈಗ ಒಂಬತ್ತು ತಾಸಿನದಾಗಿದೆ ಎಂದು ಬರೆಯುತ್ತಾರೆ.

ನಾನು ಹುಕ್ಕೇರಿಗೆ ಬಂದು ಬಾಡಿಗೆಗೆ ಹಿಡಿದದ್ದು ಶಿವವ್ವ ಎಂಬವರ ಮನೆಯ ಹೊರಕೋಣೆ. ಅವರು ಯಲ್ಲಪ್ಪನ ಸೋದರತ್ತೆ ಎಂಬುದು ಆಮೇಲೆ ತಿಳಿಯಿತು. ಗುಡ್ಡಪ್ಪ ಹದಿಮೂರು ಹರದಾರಿ ನಡೆದು ಬರುತ್ತಿದ್ದದ್ದು ಇದೇ ಮನೆಗೆ. 1967ರ ಏಪ್ರಿಲ್‌ನ ಒಂದು ಮಧ್ಯಾಹ್ನ ಯಲ್ಲಪ್ಪ ಬಸ್ಸಿಳಿದು ಬಂದ. ನಾನು ಕಟ್ಟೆಯ ಮೇಲೆ ಉತ್ತರಪತ್ರಿಕೆ ತಿದ್ದುತ್ತಿದ್ದೆ. ನನ್ನನ್ನು ಗುರುತಿಸಿ ಕೈಮುಗಿದ.

ಶಿವವ್ವ ಒಳಗಿನಿಂದಲೇ ನೋಡಿ ಹಿಗ್ಗಿದರು. “ಬಾರೋ ತಮ್ಮಾ! ಬಿಸಲಾಗ ಬಂದೀಯಲ್ಲೋ, ಒಂದ ಕಾಗದ ಹಾಕಬಾರದ?” ನೀರು ತಂದರು, ಬೆಲ್ಲ ತಂದರು, ಚಾಪೆ ಹಾಸಿ ಕೂಡಿಸಿದರು. “ಮಾರಿ ಯಾಕ ಸಪ್ಪಗ ಮಾಡೀದಿ? ಹೆಣ್ಣ ಗೊತ್ತಾತೇನ? ಅಪ್ಪನ ಮುಂದ ಹೇಳಾಕ ಅಂಜಿಕ್ಯಾಗಿ ಅತ್ತೀ ಕಡೆ ಬಂದೀದಿ ಹೌದಿಲ್ಲೋ?”

ಅವನು ನೀರಿನ ತಂಬಿಗೆ ಹಿಡಿದು ಕುಳಿತ. ಅವರು ಕುಪ್ಪಸದ ಕಣ, ಬೀಗರ ಊರು, ಊಟದ ಪಂಕ್ತಿ ಎಂದು ಮಾತು ಬೆಳೆಸುತ್ತಲೇ ಇದ್ದರು. ಎರಡು ಸಲ ಅವನು ಬಾಯಿ ತೆರೆದ, ಎರಡು ಸಲವೂ ಅವರ ನಗು ಅಡ್ಡ ಬಂತು. ಮೂರನೆಯ ಸಲ, “ಅತ್ತೀ, ಆಯಿ ಹ್ವಾದ್ಳು. ನಸಕನ್ಯಾಗ,” ಎಂದ.

ಶಿವವ್ವನವರ ಕೈಯಲ್ಲಿದ್ದ ಬೆಲ್ಲದ ತಟ್ಟೆ ಅಲ್ಲಿಯೇ ನಿಂತಿತು. ಅವರಿಗೆ ಅದು ಸತ್ಯವೆನಿಸಲಿಲ್ಲವೆಂದು ಕಾಣುತ್ತದೆ. ಅವನ ಹಿಂದೆ, ಅಂಗಳದತ್ತ ನೋಡಿದರು.

“ಗುಡ್ಡಪ್ಪ ಬರಲಿಲ್ಲಲ್ಲೋ?”

“ಅಂವ ಬರಾಂಗಿಲ್ಲ ಅತ್ತೀ. ಎರಡ ವರ್ಷಾತು. ಇನ್ನ ನಾವ ಬರಬೇಕು.”

ಆಮೇಲೆ ಅವರು ಅತ್ತರು. ನೆರೆಯ ಹೆಂಗಸರು ಬಂದು ಅವರನ್ನು ಸುತ್ತುವರಿದ ಮೇಲೆ ಯಲ್ಲಪ್ಪ ನನ್ನ ಕಟ್ಟೆಗೆ ಬಂದು ನಿಂತ. ಅಂಗಿಯೆಲ್ಲ ಬೆವರಿನಿಂದ ತೊಯ್ದಿತ್ತು.

“ಇನ್ನ ದಡ್ಡಿಗೆ ಹೋಗ್ಬೇಕ್ರಿ ಸರ್. ಅಲ್ಲಿ ಸಣ್ಣ ಅತ್ತಿ ಅದಾಳ, ಬಸರಿ ಬ್ಯಾರೆ.” ಆಮೇಲೆ ಕೇಳಿದ: “ಹೆಂಗ ಹೇಳೂದ್ರಿ?”

ನನಗೆ ಗೊತ್ತಿದ್ದದ್ದು ದಡ್ಡಿಯ ಬಸ್ಸಿನ ವೇಳೆ ಮಾತ್ರ. ಅದನ್ನು ಹೇಳಿದೆ.